ಕೋಠಿಯ ಕಾಯಿಲಿಗೆ ಬೆಸುಗೆ ಹಾಕಿದ ಮಾವ

ಪಾಂಡವಪುರದಲ್ಲಿ ನನ್ನ ತೂಕಕ್ಕೆ ಮರ್ಯಾದೆ ಕೊಟ್ಟವರು ಮಾವ ಒಬ್ಬರೇ. ಮಿಕ್ಕವರೆಲ್ಲ ನಾನು ಬಸ್ಸು ಹತ್ತಿದರೆ ಕಿಟಕಿ ಕಡೆ ಸರಿದು ಉಸಿರು ಬಿಗಿಹಿಡಿಯುವವರು. ಅವರು ಮಾತ್ರ ಯಾವುದಾದರೂ ಗೇಟನ್ನೋ ಏಣಿಯನ್ನೋ ಬೆಸೆದು ಮುಗಿಸಿದ ಕೂಡಲೇ ನನ್ನನ್ನು ಹುಡುಕಿಸುತ್ತಿದ್ದರು.

"ಎಲ್ಲವ್ನೆ ನಮ್ ಅಳಿಮಯ್ಯ? ಕರ್ಕಂಡ್ ಬರ್ರಲಾ. ಗೇಟ್ಗೆ ನೇತಾಕಿ ನೋಡ್ಬೇಕು."

ನಾನು ಹೋಗಿ ನೇತಾಡುತ್ತಿದ್ದೆ. ಬೆಸುಗೆ ನಿಂತರೆ ಹೆಸರು ಅವರಿಗೆ, ಬಿಟ್ಟರೆ ಗಾಯ ನನಗೆ. ಒಂದು ಸಲ ಗೇಟು ನಿಂತಿತು, ಗೋಡೆಯೇ ಕಿತ್ತು ಬಂತು. ಕಾಂಪೌಂಡಿನ ಇಟ್ಟಿಗೆಗಳ ನಡುವೆ ನಾನು ದೇವರ ಹಾಗೆ ಕೂತಿದ್ದಾಗ ಓಡಿಬಂದ ಅವರು ಮೊದಲು ಸವರಿ ನೋಡಿದ್ದು ಬೆಸುಗೆಯನ್ನು. "ನೋಡ್ಲಾ, ಕೂದ್ಲೆಳೆಯಷ್ಟೂ ಬುಟ್ಟಿಲ್ಲ!" ಆಮೇಲೆ ನನ್ನ ಕಡೆ ತಿರುಗಿ, "ನೀನೂ ಚೆಂದಾಗೇ ಇದ್ದೀಯಲ್ಲ, ಏಳು ಮ್ಯಾಕೆ" ಅಂದರು.

ಆ ಮಾವ ಹೋದ ತಿಂಗಳು ತೀರಿಕೊಂಡರು. ಅವರು ನನಗೆ ಸಂಬಂಧದಲ್ಲಿ ಮಾವನಲ್ಲ. ಪಕ್ಕದ ಮನೆಯವರು. ನಮ್ಮ ಬೀದಿಯಲ್ಲಿ ಹುಟ್ಟಿದ ಗಂಡು ಹುಡುಗರೆಲ್ಲ ಅವರಿಗೆ ಅಳಿಮಯ್ಯಂದಿರೇ. ಇದ್ದ ಒಬ್ಬಳೇ ಮಗಳನ್ನು ನಾಗಮಂಗಲಕ್ಕೆ ಕೊಟ್ಟ ಮೇಲೂ ಆ ಪದವಿಯನ್ನು ಅವರು ನಮ್ಮಿಂದ ಕಿತ್ತುಕೊಳ್ಳಲಿಲ್ಲ.

ಬೆಸುಗೆ ಹಾಕುವುದು ಅವರ ಕಸುಬು. ಹಾಕಿದ್ದನ್ನು ನಂಬದೇ ಇರುವುದು ಅವರ ಸ್ವಭಾವ. ಸುತ್ತಿಗೆಯಲ್ಲಿ ಟಣ್ ಟಣ್ ಅಂತ ಕುಟ್ಟಿ, ಕಬ್ಬಿಣಕ್ಕೆ ಕಿವಿ ಇಟ್ಟು, ಒಂದು ಕಣ್ಣು ಮುಚ್ಚಿ ಕೇಳುವರು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಎಳೆಯುವರು. ಅದಾದ ಮೇಲೆ ನನ್ನ ಸರದಿ. "ಮುಟ್ಟಿ ನೋಡ್ದಿರೋ ಬೆಸುಗೆ, ಮಕ ನೋಡ್ದೆ ಒಪ್ಕಂಡ ಎಣ್ಣು, ಎರಡೂ ಒಂದೇ ಕಣ್ಲಾ" ಅನ್ನುವರು. ಅತ್ತೆ ಒಳಗಿಂದಲೇ, "ನಿಮ್ಮನ್ನ ಮಕ ನೋಡೇ ಒಪ್ಕಂಡಿದ್ದು ನಾನು, ಏನ್ ಸುಖ ಬಂತು?" ಅನ್ನುವರು. ಮಾವ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ನಗುವರು. ಆ ನಗುವಿನಲ್ಲಿ ಸೋಲು ಒಪ್ಪಿಕೊಂಡ ಒಂದು ಆರಾಮ ಇರುತ್ತಿತ್ತು.

ಕಣ್ಣಿನಲ್ಲಿ ಪೊರೆ ಬಂದು ಆಪರೇಷನ್ ಆದ ಮೇಲೆ ರಸ್ತೆ ಬದಿಯ ಅಂಗಡಿ ಮುಚ್ಚಿದರು. ಅಷ್ಟರಲ್ಲಿ ಅತ್ತೆ ಹಿತ್ತಿಲಿನಲ್ಲೇ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಸಣ್ಣ ಯೂನಿಟ್ಟು ಶುರುಮಾಡಿ, ಸ್ವಂತ ಬುದ್ಧಿಯಿಂದ ಬೆಳೆಸಿದ್ದರು. ನೂಲು ಬಿಚ್ಚಲು ರತ್ನಕ್ಕನೂ ಇನ್ನು ಕೆಲವು ಹೆಂಗಸರೂ ಬರುತ್ತಿದ್ದರು. ಮೆಕ್ಯಾನಿಕ್ಕು ನಾನು. ಡಿಪ್ಲೊಮಾದಲ್ಲಿ ಲೋಹಶಾಸ್ತ್ರದ ಪೇಪರು ನನ್ನನ್ನು ಎಷ್ಟು ಪ್ರೀತಿಸುತ್ತಿತ್ತೆಂದರೆ ಪ್ರತಿ ವರ್ಷವೂ ವಾಪಸು ಕರೆಸಿಕೊಳ್ಳುತ್ತಿತ್ತು. ಹಾಗಾಗಿ ದೊಡ್ಡ ಕಾರ್ಖಾನೆಗಳು ನನ್ನನ್ನು ಕಳೆದುಕೊಂಡವು, ಅತ್ತೆಗೆ ನಾನು ಸಿಕ್ಕಿದೆ.

ಆ ಯೂನಿಟ್ಟಿನಲ್ಲಿ ಮಾವನಿಗೆ ಮಾತ್ರ ಕೆಲಸ ಇರಲಿಲ್ಲ. ಬಾಗಿಲ ಕೀಲಿಗೆ ಎಣ್ಣೆ ಬಿಡುವುದು, ಬುಟ್ಟಿ ಈ ಕಡೆಯಿಂದ ಆ ಕಡೆ ಇಡುವುದು ಅಷ್ಟೇ. ಒಮ್ಮೆ ನೂಲಿನ ರಾಟೆ ಸರಿಮಾಡುತ್ತೇನೆಂದು ಹೋಗಿ ಅದಕ್ಕೆ ಟ್ರಾಕ್ಟರಿನ ಅಚ್ಚಿಗೆ ಹಾಕುವಷ್ಟು ದಪ್ಪ ಬೆಸುಗೆ ಹಾಕಿದರು. ರಾಟೆ ತಿರುಗುವುದನ್ನೇ ಬಿಟ್ಟಿತು. ಅವತ್ತಿನಿಂದ ಅತ್ತೆ, "ನೀವು ಸುಮ್ಕೆ ಕೂತ್ಕಳಿ, ಅದೇ ದೊಡ್ಡ ಉಪ್ಕಾರ" ಅಂದುಬಿಟ್ಟಿದ್ದರು. ಮಾವ ಸುಮ್ಮನೆ ಕೂತರು. ಒಬ್ಬ ಮನುಷ್ಯ ಸುಮ್ಮನೆ ಕೂತು ಕೂತು ಹೇಗೆ ಸವೆಯುತ್ತಾನೆ ಅನ್ನುವುದನ್ನು ನಾನು ದಿನಾ ನೋಡುತ್ತಿದ್ದೆ. ನೋಡಿ, ಒಂದು ಜೋಕು ಹೊಡೆದು ಮುಂದೆ ಹೋಗುತ್ತಿದ್ದೆ.

ಹಾಗಿರುವಾಗ ಆಯುಧಪೂಜೆಯ ಹಿಂದಿನ ದಿನ ನಾಗಮಂಗಲದಿಂದ ಫೋನು ಬಂತು. ಮಗಳಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಸೇರಿಸಿದ್ದರು. ಅವತ್ತು ಬೆಳಿಗ್ಗೆಯಷ್ಟೇ ಸಂತೆಬಾಚಹಳ್ಳಿ ಕಡೆಯ ಬಿಳಿ ಗೂಡು ಬಂದು ಇಳಿದಿತ್ತು. ಅತ್ತೆ ಕಾಯುತ್ತಿದ್ದ ಒಳ್ಳೆಯ ಗೂಡು. ಬಸ್ಸಿಗೆ ಹೊರಟು ನಿಂತ ಅತ್ತೆ ರತ್ನಕ್ಕನಿಗೆ ಏನೋ ಹೇಳಲು ಹೋದವರು, ಯಾಕೋ ತಿರುಗಿ ಮಾವನ ಕಡೆ ನೋಡಿದರು.

"ನಾಳೆ ಬೆಳಿಗ್ಗೆ ಬೇಗ ಪೂಜೆ ಮುಗ್ಸಿ ಗೂಡನ್ನ ಕೋಠಿಗೆ ಆಕ್ಬುಡಿ. ಉಳ ಅಬ್ಬ ಅಂತ ಕಾಯಕಿಲ್ಲ. ನೀವೇ ನೋಡ್ಕಳಿ."

"ನಾನಾ?"

"ಊಂ, ನೀವೇ."

ಮಾವ ಬಸ್ ಸ್ಟ್ಯಾಂಡಿನವರೆಗೂ ಚೀಲ ಹಿಡಿದು ಹೋದರು. ವಾಪಸು ಬರುವಾಗ ನಡಿಗೆಯೇ ಬೇರೆಯಾಗಿತ್ತು. ಎದುರಿಗೆ ಸಿಕ್ಕವರಿಗೆಲ್ಲ, "ಯೂನಿಟ್ಟು ಈಗ ನಂದೇ ಜವಾಬ್ದಾರಿ ಕಣಪ್ಪ" ಅಂದರು. ಹಾಲಿನವನಿಗೂ ಹೇಳಿದರು.

ಕೋಠಿ ಅಂದರೆ ಉಷ್ಣಕೋಠಿ. ಬೀರುವಿನಂಥ ಕಬ್ಬಿಣದ ಪೆಟ್ಟಿಗೆ. ಒಳಗೆ ತಟ್ಟೆಗಳಲ್ಲಿ ಗೂಡು, ಕೆಳಗೆ ಕೆಂಪಗೆ ಕಾಯುವ ಸುರುಳಿ ತಂತಿಯ ಕಾಯಿಲು, ಗಾಳಿಗೆ ಒಂದು ಫ್ಯಾನು. ಆ ಬಿಸಿಗೆ ಗೂಡಿನೊಳಗಿನ ಹುಳ ಸಾಯಬೇಕು. ಸಾಯದಿದ್ದರೆ ಕೆಲವೇ ದಿನಕ್ಕೆ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲು ಬರುವುದಿಲ್ಲ.

ಹಬ್ಬದ ದಿನ ನಾನು ಸ್ನಾನ ಮಾಡಿ ಹೋಗುವಷ್ಟರಲ್ಲಿ ಮಾವ ಕೋಠಿಯ ಕಾಯಿಲನ್ನು ಪಿಂಗಾಣಿಯ ಸಂದಿನಿಂದ ಹೊರಗೆ ಬಿಚ್ಚಿ, ಹುಣಸೆಹಣ್ಣು ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದರು. ನಮ್ಮಲ್ಲಿ ಆಯುಧಪೂಜೆಗೆ ಗುದ್ದಲಿಯೂ ಮೀಯಬೇಕು, ಬೈಕೂ ಮೀಯಬೇಕು. ದೇವರ ಮನೆಯ ಹಿತ್ತಾಳೆ ದೀಪದ ಹಾಗೆ ಕಾಯಿಲೂ ಥಳಥಳ ಅನ್ನಬೇಕೆಂದು ಅವರ ಆಸೆ. ನಾನೂ ಕಡಿಮೆ ಏನಲ್ಲ. ನೀರು ಹೊಯ್ದೆ.

"ನಿಮ್ಮತ್ತೆ ಬಂದು ನೋಡಿದ್ರೆ ಗುರ್ತೇ ಸಿಕ್ಬಾರ್ದು ಕಣ್ಲಾ."

ಕಾಯಿಲಿನ ಮೈ ಮೇಲಿನ ಆ ಮಂಕು ಬೂದುಬಣ್ಣದ ಪೊರೆಯೇ ಬಿಸಿಯಿಂದ ಅದನ್ನು ಕಾಯುವ ಕವಚ ಅನ್ನುವುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ಕವಚ ಹೋದರೂ ಅವತ್ತಿಗೆ ಹೇಗೋ ಕೆಲಸ ನಡೆಯುತ್ತಿತ್ತು. ಆದರೆ ಕಾಯಿಲು ನಡುವೆ ಜೋತುಬಿದ್ದಿತ್ತು. "ಪೂಜೆಗೆ ಕೂತಾಗ ನೆಟ್ಟಗಿರ್ಬೇಕು" ಅಂತ ಮಾವ ಎರಡೂ ತುದಿ ಹಿಡಿದು ಮೆಲ್ಲಗೆ ಎಳೆದರು. ಚಕ್ಕುಲಿ ಮುರಿದ ಸದ್ದು ಬಂತು.

ಮಾವ ಕೈಯಲ್ಲಿದ್ದ ಎರಡು ತುಂಡು ನೋಡಿದರು. ಆಮೇಲೆ ನನ್ನನ್ನು ನೋಡಿದರು. 

ಹೊಸ ಕಾಯಿಲು ತರೋಣವೆಂದರೆ ಊರಿನ ಎಲೆಕ್ಟ್ರಿಕಲ್ ಅಂಗಡಿಗಳ ಶಟರಿಗೆ ಬಾಳೆಕಂದು ಕಟ್ಟಿ ಬೀಗ ಹಾಕಿದ್ದರು. ಮೈಸೂರಿನ ಅಂಗಡಿಯವನಿಗೆ ಫೋನು ಮಾಡಿದರೆ, "ದಸರಾ ಮುಗೀಲಿ ಗುರುವೇ" ಅಂದ. ಪೂಜೆಯಾದ ಮೇಲೆ ಅವತ್ತಿಡೀ ಯಾರೂ ಆಯುಧ ಮುಟ್ಟುವಂತಿಲ್ಲ. ಮಾವನ ಹಳೆಯ ವೆಲ್ಡಿಂಗ್ ಸೆಟ್ಟಿಗೂ ಆಗಲೇ ಕುಂಕುಮ ಬಿದ್ದು, ಮೇಲೊಂದು ಬೂದುಗುಂಬಳಕಾಯಿ ಹೋಳು ಕೂತಿತ್ತು. ಮಾವ ಅದರ ಮುಂದೆ ಕೈ ಮುಗಿದು ನಿಂತರು. "ತಪ್ಪಾಯ್ತು ಕಣವ್ವ, ಇದೊಂದ್ ಸಲ ಎದ್ದೇಳು" ಅಂದು, ಹೋಳನ್ನು ತೆಗೆದು ಪಕ್ಕಕ್ಕಿಟ್ಟು, ಕುಂಕುಮ ಒರೆಸಿದರು. ದೇವರ ಭಯ ಇರುವ ಮನುಷ್ಯ ಅವರು. ಒರೆಸಿದ ಬೆರಳನ್ನು ಕಣ್ಣಿಗೆ ಒತ್ತಿಕೊಂಡರು.

ಕಣ್ಣು ಸರಿಯಿಲ್ಲದಿದ್ದರೂ ಬೆಸುಗೆ ಬಿತ್ತು. ಗೋಲಿ ಗಾತ್ರದ ಗಂಟು. ಅದು ಆರಿದ ಮೇಲೆ ಮಾವ ಸುತ್ತಿಗೆ ಎತ್ತಿ ಟಣ್ ಅನ್ನಿಸಿದರು. ಕಾಯಿಲು ಮುರಿಯಿತು. ಮುರಿದದ್ದು ಗಂಟಿನಲ್ಲಲ್ಲ, ಗಂಟಿನ ಪಕ್ಕದಲ್ಲಿ.

"ನನ್ ಬೆಸ್ಗೆ ನಿಂತದೆ ಕಣ್ಲಾ" ಅಂದರು ಮಾವ. ಹಿಂದೆ ಗೋಡೆ ಬಿದ್ದಾಗ ಇಂಥದೇ ಮಾತನ್ನು ಎಷ್ಟು ಜಂಬದಿಂದ ಹೇಳಿದ್ದರು! ಈಗ ಅಳುವ ದನಿಯಲ್ಲಿ ಬಂತು. "ತಂತಿ ಸತ್ತೋಗದೆ. ಯಾಕ್ಲಾ?"

ಮತ್ತೆ ಬೆಸೆದರು, ಮತ್ತೆ ಪಕ್ಕದಲ್ಲಿ ಮುರಿಯಿತು. ಮುರಿದ ಬಾಯಿ ಬಿಸಿಲಿಗೆ ಹಿಡಿದರೆ ಕಲ್ಲುಸಕ್ಕರೆಯ ಹಾಗೆ ಹರಳು ಹರಳಾಗಿ ಮಿನುಗುತ್ತಿತ್ತು. ನಾನು ಮೊಬೈಲಿನಲ್ಲಿ ಹುಡುಕಿದೆ. ನಿಕ್ಕಲ್ ಬೆರೆತ ತಂತಿಯಾಗಿದ್ದರೆ ಇಷ್ಟು ಕಾಡುತ್ತಿರಲಿಲ್ಲವಂತೆ. ಇದು ಕಬ್ಬಿಣ, ಕ್ರೋಮಿಯಂ, ಅಲ್ಯುಮಿನಿಯಂ ಸೇರಿದ ತಂತಿ. ಇದರ ಒಳಗೆ ಸಣ್ಣ ಸಣ್ಣ ಕಣ ಒತ್ತೊತ್ತಾಗಿ ಕೂತಿರುತ್ತವೆ. ಬೆಸುಗೆಯ ಬಿಸಿ ತಾಗಿದ ಕಡೆ ಆ ಕಣಗಳು ಒಂದನ್ನೊಂದು ನುಂಗಿ ದಪ್ಪವಾಗುತ್ತವೆ. ದಪ್ಪವಾದವು ಆರಿದ ಮೇಲೆ ಮತ್ತೆ ಸಣ್ಣಗಾಗುವುದಿಲ್ಲ. ಹೆಚ್ಚು ಹೊತ್ತು ಕಾಯಿಸಿದಷ್ಟೂ ಹೆಚ್ಚು ದಪ್ಪ, ಹೆಚ್ಚು ಪೆಡಸು.

ಮೇಷ್ಟ್ರು ಎಷ್ಟು ವರ್ಷ ಹೇಳಿಕೊಟ್ಟರೂ ತಲೆಗೆ ಹತ್ತದ ಪಾಠ ಅದು, ಅವತ್ತು ಹಿತ್ತಿಲಿನಲ್ಲಿ ನಿಂತವನಿಗೆ ತಕ್ಷಣ ಅರ್ಥವಾಯಿತು. ಅರ್ಥವಾದ ಖುಷಿಗೆ ಮಾವನಿಗೆ ಹೇಳಿದೆ.

"ನನ್ನಂಗೆ ಮಾವ. ದಪ್ಪ ಆದಷ್ಟೂ ಕೆಲ್ಸಕ್ ಬರಕಿಲ್ಲ."

ಅವರು ನಗಲಿಲ್ಲ. "ಜಾಸ್ತಿ ಬೆಸ್ಗೆ ಆಕಿದ್ರೆ ಗಟ್ಟಿ ಆಯ್ತದೆ ಅಂತ ಬದ್ಕಿದವ್ನು ಕಣ್ಲಾ ನಾನು" ಅಂದರು.

ಮಧ್ಯಾಹ್ನ ರತ್ನಕ್ಕ ಮಡಿಲಲ್ಲಿ ಹೂವು ಇಟ್ಟುಕೊಂಡು ಬಂದು, ಕಟ್ಟೆ ಮೇಲೆ ಹರಡಿದ್ದ ತುಂಡುಗಳನ್ನು ನೋಡಿದಳು.

"ಅಯ್ಯೋ, ಇದೇನಣ್ಣ ಇದು! ಓಗ್ಲಿ ಬುಡಿ. ಬುಟ್ಟೀಲಾಕಿ ಹಂಡೆ ಮ್ಯಾಲೆ ಅಬೆಗಿಡಾನ. ಕೋಠಿ ಬರಕ್ ಮುಂಚೆ ಅಂಗೇ ತಾನೆ ಮಾಡ್ತಿದ್ದುದು?"

ಅವಳು ಹೇಳಿದ್ದು ಸರಿ. ಹಬೆಗೂ ಹುಳ ಸಾಯುತ್ತದೆ. ಆದರೆ ಹಬೆಯ ಗೂಡು ಒದ್ದೆಯಾಗುತ್ತದೆ, ಕೂಡಲೇ ಬಿಚ್ಚಬೇಕು, ಇಟ್ಟರೆ ಬೂಷ್ಟು ಹಿಡಿಯುತ್ತದೆ. ಅತ್ತೆ ಗೂಡು ಕೈಗೆ ತೆಗೆದುಕೊಂಡ ಕ್ಷಣವೇ ಕೋಠಿ ಕೈಕೊಟ್ಟಿದೆಯೆಂದು ತಿಳಿದುಹೋಗುತ್ತದೆ.

"ಬ್ಯಾಡ" ಅಂದರು ಮಾವ.

"ಬ್ಯಾಡ ಅಂದ್ರೆ? ಚಿಟ್ಟೆ ಬಂದ್ಬುಟ್ರೆ?"

"ಅವ್ಳು ಕೋಠೀಲಿ ಆಕಿ ಅಂದವ್ಳೆ. ಕೋಠೀಲೇ ಆಕ್ತೀನಿ. ನೀನು ಅಬ್ಬ ಮಾಡ್ಕ ಓಗವ್ವ."

ರತ್ನಕ್ಕ ನನ್ನ ಕಡೆ ನೋಡಿ, "ನೀನಾದ್ರೂ ಏಳ್ಲಾ, ಓದಿರೋನು" ಅಂದಳು. ನಾನು ಹೇಳಿದೆ. ಅತ್ತೆಗೆ ಫೋನು ಮಾಡೋಣ ಅಂತಲೂ ಹೇಳಿದೆ. ಮಾವ ನನ್ನ ಮೊಬೈಲನ್ನು ಕಸಿದು ತಮ್ಮ ಜೇಬಿಗೆ ಹಾಕಿಕೊಂಡರು. ಸಂಜೆ ಅತ್ತೆಯದೇ ಫೋನು ಬಂತು. ಹೆಣ್ಣು ಮಗುವಾಗಿತ್ತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. "ಗೂಡು?" ಅಂದಿರಬೇಕು ಅತ್ತೆ. "ಎಲ್ಲಾ ಆಯ್ತಾ ಅದೆ, ನೀನು ಮಗಿನ್ ನೋಡ್ಕ" ಅಂದರು ಮಾವ. ಮೊಮ್ಮಗಳು ಹುಟ್ಟಿದ ಸುದ್ದಿಗೆ ಅವರ ಮುಖ ಒಂದು ಗಳಿಗೆ ಬೆಳಗಿ, ಬುಟ್ಟಿಗಳ ಕಡೆ ತಿರುಗಿದಾಗ ಮತ್ತೆ ಆರಿತು.

ಮಾರನೆಯ ಬೆಳಿಗ್ಗೆ ವಿಜಯದಶಮಿ. ಶ್ರೀರಂಗಪಟ್ಟಣದಲ್ಲಿ ಆರ್ಗಾನ್ ಗ್ಯಾಸಿನಲ್ಲಿ ನವಿರಾದ ಬೆಸುಗೆ ಹಾಕುವ ಹುಡುಗನೊಬ್ಬನಿದ್ದ. ಒಂದು ಕಿವಿಗೆ ಓಲೆ, ಕೂದಲಿಗೆ ಜೇನಿನ ಬಣ್ಣ. ಮಾವ ಅಂಥವರನ್ನು ನೋಡಿದರೆ, "ಇವ್ನು ಚಾ ಲೋಟ ಬೆಸಿಯಕ್ಕಷ್ಟೇ ಸೈ" ಅನ್ನುತ್ತಿದ್ದವರು. ಅವತ್ತು ಅವನ ಮನೆ ಬಾಗಿಲು ತಟ್ಟಿ, "ಅಪ್ಪಾಜಿ, ಒಂಚೂರು ಎದ್ ಬಾರಪ್ಪ" ಅಂದರು. ನಾನು ಬೈಕಿನ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಳ್ಳುವ ನೆಪದಲ್ಲಿ ಆ ಕಡೆ ತಿರುಗಿ ನಿಂತೆ.

ಹುಡುಗ ಮೊದಲ ಮುಹೂರ್ತದ ಕೆಲಸ ಅಂತ ಊದುಬತ್ತಿ ಹಚ್ಚಿ ಕೂತ. ಗಂಟಿದ್ದ ಭಾಗವನ್ನೆಲ್ಲ ಕತ್ತರಿಸಿದ. ಅದೇ ತಂತಿಯ ತುಂಡನ್ನೇ ಕರಗಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಟ್ಟಿಸಿ ಬಿಟ್ಟ. ಗಂಟು ಕಾಣಿಸಲೇ ಇಲ್ಲ.

"ಅಷ್ಟೇಯಾ?" ಅಂದರು ಮಾವ.

"ಅಷ್ಟೇ ತಾತ. ಜಾಸ್ತಿ ಬಿಸಿ ಕೊಟ್ಟಷ್ಟೂ ಕೆಡ್ತದೆ. ಕೇಳಿಸ್ಕಳಿ, ಇದು ಕೆಂಪಗಿರೋವಾಗ ಮೇಣದಂಗೆ ಬಗ್ತದೆ, ಆರಿದ್ ಮ್ಯಾಲೆ ಗಾಜು. ಎಳೀಬ್ಯಾಡಿ, ಕುಟ್ಬ್ಯಾಡಿ. ಕೂರಿಸಿ, ಕರೆಂಟು ಕೊಟ್ಟು, ಮರ್ತು ಬುಡಿ."

ವಾಪಸು ಬರುವಾಗ ಮಾವ ಹಲಗೆಯ ಮೇಲೆ ಕಾಯಿಲು ಮಲಗಿಸಿ, ಪಂಚೆ ಹೊದಿಸಿ, ಆಸ್ಪತ್ರೆಯಿಂದ ಬಾಣಂತಿ ಮಗು ತರುವ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತರು. ರಸ್ತೆಯ ಪ್ರತಿ ಉಬ್ಬಿಗೂ ನನ್ನ ಬೆನ್ನಿಗೆ ಒಂದು ಗುದ್ದು. "ಮೆತ್ಗೆ ಓಡ್ಸ್ಲಾ ಆನೆ!" ನಾನು ಎಷ್ಟು ಮೆತ್ತಗೆ ಓಡಿಸಿದೆನೆಂದರೆ ಎತ್ತಿನ ಗಾಡಿಯವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ ಕನಿಕರದಿಂದ ನೋಡಿದ.

ಮುರಿಯದೆ ಮನೆ ಸೇರಿತು. ಇಬ್ಬರೂ ಉಸಿರು ಬಿಡದೆ ಕೂರಿಸಿದೆವು. ಸ್ವಿಚ್ಚು ಹಾಕಿದಾಗ ಕಾಯಿಲು ಮೊದಲು ಕಪ್ಪು ಕೆಂಪಾಗಿ, ಆಮೇಲೆ ಕಿತ್ತಳೆಯಾಗಿ ಅರಳಿತು. ಮಾವ ತಟ್ಟೆಗಳಿಗೆ ಗೂಡು ಹರಡಿ ಬಾಗಿಲು ಮುಚ್ಚಿದರು. ಒಳಗೆ ಬಿಸಿ ಏರತೊಡಗಿತು. ನಾನು ಕುಣಿದೆ. ನನ್ನ ಕುಣಿತಕ್ಕೆ ಕೋಠಿಯ ತಟ್ಟೆಗಳು ಗಡಗಡ ಅಂದಾಗ ಮಾವ, "ನಿಲ್ಸ್ಲಾ ಮುಂಡೇದೆ, ಭೂಕಂಪ ಮಾಡ್ಬ್ಯಾಡ" ಅಂದು ನಕ್ಕರು. ಹಿಂದಿನ ದಿನದಿಂದ ಮೊದಲ ನಗು.

ನಾನು ಊಟಕ್ಕೆಂದು ಮನೆಗೆ ಹೋದೆ. ಅಷ್ಟು ಹೊತ್ತಿನಲ್ಲಿ ನಡೆದದ್ದನ್ನು ಮಾವ ನನಗೆ ಹೇಳಿದ್ದು ಬಹಳ ದಿನದ ಮೇಲೆ. ಅವರು ಕೋಠಿಯ ಎದುರು ಸ್ಟೂಲು ಹಾಕಿಕೊಂಡು ಕೂತರಂತೆ. ಹುಡುಗನ ಬೆಸುಗೆ ಅಷ್ಟು ಸಣ್ಣದು. ಕುಟ್ಟಿ ನೋಡಿಲ್ಲ, ಎಳೆದು ನೋಡಿಲ್ಲ. ಅತ್ತೆಯ ಗೂಡೆಲ್ಲ ಅದರ ಮೇಲೆ ನಿಂತಿದೆ. ಹೇಗೆ ನಂಬುವುದು? ಎದ್ದರಂತೆ, ಕೂತರಂತೆ. ಕೊನೆಗೆ, ಒಂದೇ ಒಂದು ಗಳಿಗೆ ನೋಡಿ ಮತ್ತೆ ಹಾಕೋಣವೆಂದು ಸ್ವಿಚ್ಚು ಆರಿಸಿ, ಕೆಳಗಿನ ಬಾಗಿಲು ತೆಗೆದು, ಕೆಂಪು ಹೋಗುವವರೆಗೂ ಕಾದು, ಇಕ್ಕಳದಲ್ಲಿ ಹಿಡಿದು ಒಂದು ಚೂರು ಅಲುಗಿಸಿದರಂತೆ.

ನಾನು ತೇಗುತ್ತಾ ಬಂದಾಗ ಮಾವ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಇಕ್ಕಳ ಕೈಯಲ್ಲೇ ಇತ್ತು, ಅದರ ಬಾಯಲ್ಲಿ ಕಾಯಿಲಿನ ಒಂದು ತುಂಡು. ಕೋಠಿಯ ಬಾಗಿಲಿನಿಂದ ಬೆಚ್ಚನೆ ಗಾಳಿ ಬರುತ್ತಿತ್ತು. ಹುಳ ಸಾಯುವಷ್ಟು ಬಿಸಿಯಲ್ಲ, ಚಿಟ್ಟೆಗೆ ಹಿತವಾಗುವಷ್ಟು.

"ರತ್ನೀನ ಕರಿಯೋ" ಅಂದರು. "ಅಬೆ ಆಕಾನ."

ಹಂಡೆ ಹತ್ತಿಸಿದೆವು. ರತ್ನಕ್ಕ ಸೆರಗು ಸಿಕ್ಕಿಸಿ ಮೊದಲ ಬುಟ್ಟಿ ಎತ್ತಿ ಇಟ್ಟಳು.  ಇದ್ದ ಒಂದೇ ಹಂಡೆಯಲ್ಲಿ ಅಷ್ಟು ಗೂಡಿಗೂ ಹಬೆ ಕೊಟ್ಟು ಮುಗಿಸುವುದು ಯಾವಾಗ? ಹೊತ್ತು ಮೂಡುವಷ್ಟರಲ್ಲಿ ಉಳಿದ ಬುಟ್ಟಿಗಳೊಳಗೆ ಸರಸರ ಸದ್ದು ಶುರುವಾಯಿತು. ಒಂದು ಗೂಡಿನ ತುದಿ ಒದ್ದೆಯಾಗಿ, ಮೆತ್ತಗಾಗಿ, ಅದರಿಂದ ನೆನೆದ ಬಿಳಿ ಚಿಟ್ಟೆಯೊಂದು ತಲೆ ಹೊರಗೆ ಹಾಕಿತು. ಆಮೇಲೆ ಎಣಿಸಲು ಆಗಲಿಲ್ಲ. ಹಾರಲು ಬಾರದ ಚಿಟ್ಟೆಗಳು ಅವು. ಬುಟ್ಟಿಯ ಅಂಚು ಹತ್ತಿ ರೆಕ್ಕೆ ಪಟಪಟ ಬಡಿಯುತ್ತಾ ಗೋಡೆ, ರಾಟೆ, ನಮ್ಮ ಬಟ್ಟೆ ಎಲ್ಲದರ ಮೇಲೂ ಹರಿದವು. ಮಾವ ಗೋಡೆಗೆ ಒರಗಿ, ತೂತಾಗದ ಗೂಡನ್ನು ಒಂದೊಂದಾಗಿ ಆರಿಸುತ್ತಿದ್ದರು. ತುದಿ ಒದ್ದೆ ಇದ್ದದ್ದು ಆ ಕಡೆ, ಒಣಗಿದ್ದದ್ದು ಈ ಕಡೆ. ಅವರ ಕಣ್ಣಿಗೆ ಎಲ್ಲ ಗೂಡುಗಳೂ ಒದ್ದೆಯಾಗಿಯೇ ಕಾಣುತ್ತಿದ್ದವು. ನಾನು ಪಕ್ಕದಲ್ಲಿ ಕೂತು, ಅವರು ಆ ಕಡೆ ಹಾಕಿದ್ದನ್ನು ಈ ಕಡೆ ಹಾಕುತ್ತಿದ್ದೆ.

ರತ್ನಕ್ಕ ರಾತ್ರಿಯೇ ಸುದ್ದಿ ಮುಟ್ಟಿಸಿದ್ದಳೇನೋ, ಅತ್ತೆ ಮೊದಲ ಬಸ್ಸಿಗೇ ಬಂದರು. ಬಾಗಿಲಲ್ಲಿ ಚೀಲ ಇಳಿಸಿ ನಿಂತರು. ಕೂಗಾಡುತ್ತಾರೆ ಅಂದುಕೊಂಡು ನಾನು ಹಂಡೆಯ ಹಿಂದೆ ಅಡಗಲು ನೋಡಿದೆ. ನನ್ನ ಗಾತ್ರಕ್ಕೆ ಹಂಡೆ ಸಾಲಲಿಲ್ಲ. ಅತ್ತೆ ಕೂಗಾಡಲಿಲ್ಲ. ಮಾವನ ಹೆಗಲ ಮೇಲಿದ್ದ ಚಿಟ್ಟೆಯೊಂದನ್ನು ಎರಡು ಬೆರಳಲ್ಲಿ ತೆಗೆದು ಗೋಡೆಗೆ ಬಿಟ್ಟರು.

"ಒಂದ್ ಫೋನ್ ಮಾಡ್ಬಾರ್ದಾಗಿತ್ತಾ?"

"ಮಾಡಿದ್ರೆ ನೀನ್ ಬಂದ್ಬುಡ್ತಿದ್ದೆ" ಅಂದರು ಮಾವ.

ಯೂನಿಟ್ಟು ಮುಚ್ಚಲಿಲ್ಲ. ಅತ್ತೆ ಅಂಥವರಲ್ಲ. ಹೊಸ ಕಾಯಿಲು ಬಂತು, ಹೆಂಗಸರು ಮತ್ತೆ ಕೆಲಸಕ್ಕೆ ಬಂದರು. ಹೋದದ್ದು ಬೇರೆ. ಆಮೇಲೆ ಅತ್ತೆ ಎಲ್ಲಿಗೂ ಹೋಗಿ ಉಳಿಯಲಿಲ್ಲ. ಮೊಮ್ಮಗಳ ನಾಮಕರಣಕ್ಕೆ ಹೋದವರು ಎಲೆ ಎತ್ತುವ ಮುಂಚೆ ವಾಪಸು ಬಸ್ಸು ಹತ್ತಿದರು. ತವರಿನಲ್ಲಿ ಅಣ್ಣ ತೀರಿಕೊಂಡಾಗಲೂ ಅಷ್ಟೇ. ಪ್ರತಿ ಸಲವೂ ಮಾವ, "ಇದ್ದು ಬಾರೇ, ನಾನ್ ನೋಡ್ಕತೀನಿ" ಅನ್ನುವರು. "ಇರ್ಲಿ ಬುಡಿ" ಅನ್ನುವರು ಅತ್ತೆ. ಆ ಎರಡು ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮಾವ ಒಂದು ದಿನ ಜಗಳವಾಡಿ ಗೆಲ್ಲುತ್ತಿದ್ದರೇನೋ.

ಅಂಗಡಿ ಮುಚ್ಚಿದ ಮೇಲೂ ಅಪರೂಪಕ್ಕೆ ಮನೆಯಲ್ಲಿ ಏನಾದರೂ ಬೆಸೆದು ನನ್ನನ್ನು ನೇತುಹಾಕುತ್ತಿದ್ದರು, ಅದನ್ನೂ ನಿಲ್ಲಿಸಿದರು. ನಾನಾಗಿಯೇ ಹೋಗಿ, "ಮಾವ, ಎಲ್ಲಾದ್ರೂ ನೇತಾಡ್ಲಾ?" ಅಂತ ಕೇಳಿದರೆ, "ಈಗ ಏನೂ ಬೆಸ್ದಿಲ್ಲ ಕಣಪ್ಪ" ಅನ್ನುವರು. ಅಳಿಮಯ್ಯ ಅನ್ನುತ್ತಿದ್ದವರು ಅಪ್ಪ ಅಂದಾಗಲೇ ನನಗೆ ಹೆದರಿಕೆಯಾದದ್ದು.

ಈ ವರ್ಷ ಉಸಿರು ಕಟ್ಟತೊಡಗಿ ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿಸಿದರು. ಅತ್ತೆ ಯೂನಿಟ್ಟನ್ನು ರತ್ನಕ್ಕನಿಗೆ ಬಿಟ್ಟು ಅವರ ಮಂಚದ ಪಕ್ಕದಲ್ಲೇ ಉಳಿದರು. ನಾನು ಗಂಜಿ ಹಿಡಿದು ಹೋದ ದಿನ ಮಾವ ಮಾಸ್ಕು ಸರಿಸಿ ಕೇಳಿದರು.

"ಕೋಠಿ ಯಾರ್ ನೋಡ್ಕತಾವ್ರೆ?"

ಅತ್ತೆ ಅವರ ಹಣೆಯ ಕೂದಲು ಸರಿಮಾಡುತ್ತಾ, "ಯಾರ್ ನೋಡ್ಕತಾರೆ? ನೀವೇ ನೋಡ್ಕಬೇಕು. ಬೇಗ ಎದ್ ಬನ್ನಿ, ನಾನು ಮಗಳ ಮನೇಲಿ ಒಂದೆಂಟ್ ದಿನ ಇದ್ ಬರ್ಬೇಕು" ಅಂದರು.

 ಮಾವ ನನ್ನ ಕಡೆ ಕತ್ತು ತಿರುಗಿಸಿದರು.

"ಕೇಳಿದ್ಯೇನ್ಲಾ ಅಳಿಮಯ್ಯ? ನಿಮ್ಮತ್ತೆ ಸುಳ್ಳು ಏಳೋದ್ ಕಲ್ತವ್ಳೆ."

ಅತ್ತೆ ಮಾಸ್ಕನ್ನು ಮತ್ತೆ ಅವರ ಮೂಗಿಗೆ ಕೂರಿಸಿದರು.